ಗರ್ಭಕಂಠದ ಚಿಕಿತ್ಸೆ ಮತ್ತು ಮುಂದಿನ ಹೆರಿಗೆ: ಕಾಯುವುದು, ಸುಡುವುದು, ಕತ್ತರಿಸುವುದು, ಇವುಗಳಲ್ಲಿ ಯಾವುದು ಯಾರಿಗೆ?

ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಸ್ಮಿಯರ್‌ನಲ್ಲೋ ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ಸಿನ ಎಚ್‌ಪಿವಿ ಪರೀಕ್ಷೆಯಲ್ಲೋ ಏನೋ ವ್ಯತ್ಯಾಸ ಕಂಡು, ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಸಾಧನದಿಂದ ನೋಡುವುದು) ಮಾಡಿಸಿ, ಕೊನೆಗೆ ಬಯಾಪ್ಸಿ ವರದಿಯಲ್ಲಿ ‘ಸಿಐಎನ್ 2’ ಅಥವಾ ‘ಸಿಐಎನ್ 3’ ಎಂದು ಬಂದಾಗ ಯಾವ ಹೆಣ್ಣಿಗಾದರೂ ಎದೆ ಧಸಕ್ಕೆನ್ನುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮುಂಚಿನ ಹಂತ ಎಂದು ವೈದ್ಯರು ಬಿಡಿಸಿ ಹೇಳುವಷ್ಟರಲ್ಲಿ ಎರಡನೇ ಭಯ ಹುಟ್ಟಿರುತ್ತದೆ: ಇದನ್ನು ತೆಗೆಸಿದರೆ ಮುಂದೆ ಮಗು ನಿಲ್ಲುತ್ತದೆಯೇ? ಈ ಎರಡನೇ ಪ್ರಶ್ನೆ ಕೇಳಲು ಹಲವರು ಸಂಕೋಚಪಡುತ್ತಾರೆ. ‘ಪ್ರಾಣ ಉಳಿದರೆ ಸಾಕು, ಮಗುವಿನ ಮಾತು ಆಮೇಲೆ’ ಎಂದು ಮನೆಯವರು ಬಾಯಿ ಮುಚ್ಚಿಸುವುದೂ ಉಂಟು. ಆದರೆ ಕೇಳಬೇಕಾದ ಪ್ರಶ್ನೆಯೇ ಅದು, ಮತ್ತು ಕೇಳಬೇಕಾದದ್ದು ಚಿಕಿತ್ಸೆಗೆ ಮೊದಲು. ಯಾವ ಚಿಕಿತ್ಸೆ, ಎಷ್ಟು ಆಳದ ಚಿಕಿತ್ಸೆ ಎಂಬುದರ ಮೇಲೆ ಮುಂದಿನ ಬಸಿರಿನ ಅಪಾಯ ನಿಜವಾಗಿಯೂ ಬದಲಾಗುತ್ತದೆ. ಇದನ್ನು ಅಳೆದು ತೋರಿಸಿದ ಸಂಶೋಧನೆಗಳು ಈಗ ನಮ್ಮ ಕೈಯಲ್ಲಿವೆ.

ಇಲ್ಲಿ ಹೋಲಿಸಿರುವುದು ಇನ್ನು ಮುಂದೆ ಮಗು ಬೇಕೆಂದಿರುವವರ ಆಯ್ಕೆಗಳನ್ನು. ಹೆರಿಗೆಯ ಯೋಚನೆ ಮುಗಿದವರಿಗೆ ತಕ್ಕಡಿ ಬೇರೆ ಕಡೆ ವಾಲುತ್ತದೆ.

ಮೊದಲು ಅಪಾಯದ ಗಾತ್ರ

2016ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ 71 ಅಧ್ಯಯನಗಳನ್ನು ಒಟ್ಟುಗೂಡಿಸಿತು; ಅವುಗಳಲ್ಲಿದ್ದ ಮಹಿಳೆಯರ ಸಂಖ್ಯೆ 63 ಲಕ್ಷಕ್ಕೂ ಮಿಗಿಲು. ಗರ್ಭಕಂಠದ ಚಿಕಿತ್ಸೆ ಆಗಿದ್ದವರಲ್ಲಿ 37 ವಾರಕ್ಕೆ ಮೊದಲೇ ಹೆರಿಗೆಯಾದವರು ಶೇ 10.7; ಚಿಕಿತ್ಸೆ ಆಗದವರಲ್ಲಿ ಶೇ 5.4. ಇದನ್ನೇ ‘ಅಪಾಯ ಹೆಚ್ಚುಕಡಿಮೆ ದುಪ್ಪಟ್ಟು’ ಎಂದು ಹೇಳಿದರೆ ಕೇಳಿದವರು ಕುಸಿದು ಕೂರುತ್ತಾರೆ. ‘ಚಿಕಿತ್ಸೆಯಾದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ದಿನ ತುಂಬಿಯೇ ಹೆರಿಗೆಯಾಯಿತು’ ಎಂದರೂ ಅದೇ ಲೆಕ್ಕ. ಎರಡೂ ನಿಜ. ನಿರ್ಧಾರ ಮಾಡುವಾಗ ಎರಡನ್ನೂ ಜೊತೆಯಲ್ಲಿ ಇಟ್ಟುಕೊಳ್ಳಬೇಕು.

ಅದೇ ವಿಶ್ಲೇಷಣೆಯಲ್ಲಿ, ದಿನ ತುಂಬುವ ಮುನ್ನ ನೀರು ಒಡೆಯುವುದು ಶೇ 3.4ರಿಂದ 6.1ಕ್ಕೆ ಏರಿತ್ತು. ಕಡಿಮೆ ತೂಕದ ಮಗು ಶೇ 3.7ರಿಂದ 7.9ಕ್ಕೆ. 28–30 ವಾರಕ್ಕೂ ಮೊದಲಿನ, ಅಂದರೆ ಮಗುವಿಗೆ ನಿಜಕ್ಕೂ ಕಷ್ಟವಾಗುವ ಹೆರಿಗೆ ಶೇ 0.3ರಿಂದ 1ಕ್ಕೆ. ಕೊನೆಯ ಸಂಖ್ಯೆ ನೋಡಲು ಸಣ್ಣದು. ಆದರೆ ಆ ನೂರರಲ್ಲಿ ಒಬ್ಬರಾದ ತಾಯಿಗೆ ಅದು ಸಣ್ಣದಲ್ಲ. ಗರ್ಭಕಂಠವನ್ನು ಬೇಕಾದುದಕ್ಕಿಂತ ಹೆಚ್ಚು ಕತ್ತರಿಸಬಾರದು ಎಂಬ ಹಟ ಸಂಶೋಧಕರಿಗೆ ಬಂದದ್ದು ಇದೇ ಕಾರಣಕ್ಕೆ.

ಬಸಿರಾಗುವುದಕ್ಕೇ ತೊಂದರೆಯಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಸಿಕ್ಕಿರುವ ಮಾಹಿತಿಯ ಪ್ರಕಾರ ಇಲ್ಲ. ಮೊದಲ ಮೂರು ತಿಂಗಳ ಗರ್ಭಪಾತವೂ ಹೆಚ್ಚುವುದಿಲ್ಲ. ನಡುವಿನ ಮೂರು ತಿಂಗಳಲ್ಲಿ ಗರ್ಭ ಹೋಗುವುದು ಮಾತ್ರ ಶೇ 0.4ರಿಂದ 1.6ಕ್ಕೆ ಏರುತ್ತದೆ ಎಂದು 2014ರ ಇನ್ನೊಂದು ವಿಶ್ಲೇಷಣೆ ತೋರಿಸಿದೆ.

ಇನ್ನೊಂದು ವಿಷಯ ಇದೆ, ಇದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಸಿಐಎನ್ ಇದ್ದು ಚಿಕಿತ್ಸೆ ಪಡೆಯದ ಮಹಿಳೆಯರಲ್ಲೂ ಅವಧಿಪೂರ್ವ ಹೆರಿಗೆ ಸಾಮಾನ್ಯರಿಗಿಂತ ತುಸು ಹೆಚ್ಚು. ಅಂದರೆ ಏರಿಕೆಯ ಪೂರ್ತಿ ಹೊಣೆ ಚಿಕಿತ್ಸೆಯದಲ್ಲ. ಧೂಮಪಾನ, ಸೋಂಕು, ಯೋನಿಯ ಬ್ಯಾಕ್ಟೀರಿಯಾಗಳ ಏರುಪೇರು ಇವೆಲ್ಲ ಸಿಐಎನ್‌ಗೂ ಅವಧಿಪೂರ್ವ ಹೆರಿಗೆಗೂ ಹಾದಿ ಮಾಡುತ್ತವೆ.

ಕಾಯುವುದು: ಸಿಐಎನ್ 2ಕ್ಕೆ ಒಳ್ಳೆಯ ದಾರಿ, ಸಿಐಎನ್ 3ಕ್ಕೆ ಅಲ್ಲ

ಸಿಐಎನ್ 1 ಎಂದರೆ ಎಚ್‌ಪಿವಿ ಸೋಂಕಿನ ಗುರುತು ಎಂದುಕೊಂಡರೆ ಸಾಕು. ಅದಕ್ಕೆ ಸಾಮಾನ್ಯವಾಗಿ ಕತ್ತರಿ ಬೇಡ, ಮತ್ತೆ ಪರೀಕ್ಷೆ ಸಾಕು.

ಸಿಐಎನ್ 2ರ ಲೆಕ್ಕ ಸೂಕ್ಷ್ಮವಾದದ್ದು. 2018ರ ಒಂದು ವಿಶ್ಲೇಷಣೆ, ಚಿಕಿತ್ಸೆ ಮಾಡದೆ ನಿಗಾ ಇಟ್ಟಿದ್ದ 3,160 ಮಹಿಳೆಯರ ಕಥೆಯನ್ನು 36 ಅಧ್ಯಯನಗಳಿಂದ ಒಟ್ಟು ಮಾಡಿತು. ಎರಡು ವರ್ಷದಲ್ಲಿ ಅರ್ಧದಷ್ಟು ಮಂದಿಯಲ್ಲಿ ಅದು ತಾನಾಗಿ ಹಿಂದೆ ಸರಿದಿತ್ತು. ಶೇ 32ರಷ್ಟು ಮಂದಿಯಲ್ಲಿ ಹಾಗೇ ಉಳಿದಿತ್ತು, ಶೇ 18ರಷ್ಟು ಮಂದಿಯಲ್ಲಿ ಮುಂದಿನ ಹಂತಕ್ಕೆ ಹೋಗಿತ್ತು. 30 ವರ್ಷದೊಳಗಿನವರನ್ನು ಮಾತ್ರ ನೋಡಿದರೆ ಚಿತ್ರ ಇನ್ನೂ ಆಶಾದಾಯಕ: ಶೇ 60 ಮಂದಿಗೆ ವಾಸಿ, ಶೇ 11 ಮಂದಿಗೆ ಮಾತ್ರ ಮುಂದುವರಿಕೆ. ಎಲ್ಲ ವಯಸ್ಸಿನವರೂ ಸೇರಿ ಆ ಅವಧಿಯಲ್ಲಿ ಕ್ಯಾನ್ಸರ್ ಆದವರು ಶೇ 0.5.

ಹಾಗಾಗಿ 25ರಿಂದ 30ರ ಆಸುಪಾಸಿನ, ಇನ್ನೂ ಮಗುವಾಗದ, ಸಿಐಎನ್ 2 ಇರುವ ಮಹಿಳೆಗೆ ನನ್ನ ಮನಸ್ಸು ಕಾಯುವುದರ ಕಡೆಗೇ ಇದೆ. ಆದರೆ ‘ಕಾಯುವುದು’ ಎಂದರೆ ಮರೆತು ಕೂರುವುದಲ್ಲ. ಆರು ತಿಂಗಳಿಗೊಮ್ಮೆ ಕಾಲ್ಪೊಸ್ಕೋಪಿ ಮತ್ತು ಪರೀಕ್ಷೆ, ಎರಡು ವರ್ಷವಾದರೂ ಅದು ಹೋಗದಿದ್ದರೆ ಚಿಕಿತ್ಸೆ. ಊರು ಬಿಟ್ಟು ಊರಿಗೆ ಹೋಗುವವರು, ಮತ್ತೆ ಬರುವುದು ಖಾತ್ರಿಯಿಲ್ಲದವರು, ಕಾಲ್ಪೊಸ್ಕೋಪಿಯಲ್ಲಿ ಪರಿವರ್ತನಾ ವಲಯ ಪೂರ್ತಿ ಕಾಣದವರು ಈ ದಾರಿ ಹಿಡಿಯಬಾರದು. ಪರಿವರ್ತನಾ ವಲಯ ಎಂದರೆ ಗರ್ಭಕಂಠದ ಹೊರಗಿನ ಚರ್ಮದಂಥ ಪದರವೂ ಒಳಗಿನ ಲೋಳೆ ಸುರಿಸುವ ಪದರವೂ ಸೇರುವ ಜಾಗ. ಕಾಯಿಲೆ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಅದು ಕಣ್ಣಿಗೆ ಬೀಳದಿದ್ದರೆ ನಿಗಾ ಇಡುವುದಾದರೂ ಯಾವುದಕ್ಕೆ?

ಕಾಯುವಾಗ ಧೂಮಪಾನ ಬಿಟ್ಟರೆ ಒಳ್ಳೆಯದು. ಎಚ್‌ಪಿವಿ ಸೋಂಕು ದೇಹದಲ್ಲಿ ಉಳಿದುಬಿಡಲು ಅದು ನೆರವಾಗುತ್ತದೆ. ಎಚ್‌ಐವಿ ಇರುವವರಲ್ಲಿ ಸಿಐಎನ್ ತಾನಾಗಿ ಹೋಗುವುದು ಕಡಿಮೆ, ಮರಳಿ ಬರುವುದು ಹೆಚ್ಚು. ಅವರು ಕಾಯುವ ಮುನ್ನ ಇನ್ನೊಮ್ಮೆ ಯೋಚಿಸಬೇಕು.

ಸಿಐಎನ್ 3ರಲ್ಲಿ ಕಾಯಬಾರದು. ಇದನ್ನು ನಾವು ತಿಳಿದ ಬಗೆ ನೋವಿನದು. ನ್ಯೂಜಿಲೆಂಡಿನ ಆಕ್ಲೆಂಡ್‌ನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ 1960ರ ದಶಕದ ಮಧ್ಯಭಾಗದಿಂದ ಹಲವು ಮಹಿಳೆಯರಿಗೆ ಸಿಐಎನ್ 3 ಇದ್ದರೂ ಸರಿಯಾದ ಚಿಕಿತ್ಸೆ ಕೊಡದೆ ಬರೀ ನೋಡುತ್ತಾ ಹೋದರು. ತಾವು ಅಂಥದ್ದೊಂದು ಅಧ್ಯಯನದ ಭಾಗ ಎಂದು ಅವರಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ. 1987ರಲ್ಲಿ ಇಬ್ಬರು ಮಹಿಳೆಯರು ಪತ್ರಿಕೆಯೊಂದರಲ್ಲಿ ಇದನ್ನು ಬಯಲಿಗೆಳೆದ ಮೇಲೆ ಸರ್ಕಾರ ನ್ಯಾಯಾಧೀಶೆ ಸಿಲ್ವಿಯಾ ಕಾರ್ಟ್‌ರೈಟ್ ಅವರ ವಿಚಾರಣೆ ನೇಮಿಸಿತು. ಆ ದಾಖಲೆಗಳನ್ನು ಮತ್ತೆ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಹೀಗಿದೆ: ಸರಿಯಾದ ಚಿಕಿತ್ಸೆ ಸಿಗದವರಲ್ಲಿ 30 ವರ್ಷದೊಳಗೆ ಶೇ 31ರಷ್ಟು ಮಂದಿಗೆ ಕ್ಯಾನ್ಸರ್, ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಶೇ 0.7. ಆ ಹೆಂಗಸರು ತೆತ್ತ ಬೆಲೆಯಿಂದ ನಮಗೆ ಸಿಕ್ಕ ತಿಳಿವಳಿಕೆ ಇದು. ಶೇ 10ರ ಅವಧಿಪೂರ್ವ ಹೆರಿಗೆಗೆ ಹೆದರಿ ಶೇ 31ರ ಕ್ಯಾನ್ಸರನ್ನು ಒಪ್ಪಿಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಹೋಗದು.

ವರದಿಯಲ್ಲಿ ‘ಎಚ್‌ಎಸ್‌ಐಎಲ್’ ಎಂದಷ್ಟೇ ಬರೆದಿದ್ದರೆ ಅದು ಸಿಐಎನ್ 2ನ್ನೂ 3ನ್ನೂ ಒಟ್ಟಿಗೆ ಹೇಳುವ ಹೆಸರು. ಎರಡರಲ್ಲಿ ಯಾವುದು ಎಂದು ಪೆಥಾಲಜಿಸ್ಟ್‌ರಿಂದ ಕೇಳಿಸಿ ತಿಳಿದುಕೊಳ್ಳಿ. ಕಾಯುವುದೋ ಬೇಡವೋ ಎಂಬುದು ಅದರ ಮೇಲೇ ನಿಂತಿದೆ.

ಸುಡುವುದೋ ಕತ್ತರಿಸುವುದೋ

ಚಿಕಿತ್ಸೆ ಬೇಕೆಂದಾದ ಮೇಲೆ ದಾರಿ ಎರಡು ಕವಲಾಗುತ್ತದೆ. ಒಂದು, ಕಾಯಿಲೆಯ ಜಾಗವನ್ನು ಅಲ್ಲೇ ನಾಶ ಮಾಡುವುದು. ಕ್ರಯೋ ಎಂದರೆ ತಣಿಸಿ ಹೆಪ್ಪುಗಟ್ಟಿಸುವುದು, ಥರ್ಮಲ್ ಅಬ್ಲೇಶನ್ ಎಂದರೆ 100 ಡಿಗ್ರಿ ಅಥವಾ ಅದಕ್ಕೂ ಮೇಲೆ ಕಾಯಿಸಿದ ತುದಿಯನ್ನು ಅರ್ಧ ನಿಮಿಷದೊಳಗೆ ಒತ್ತಿ ಸುಡುವುದು, ಲೇಸರ್‌ನಿಂದಲೂ ಮಾಡಬಹುದು; ಈ ಮೂರನ್ನೂ ಇಲ್ಲಿ ‘ಸುಡುವುದು’ ಎಂದೇ ಕರೆದಿದ್ದೇನೆ. ಇನ್ನೊಂದು, ಆ ಭಾಗವನ್ನು ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸುವುದು. ಕರೆಂಟು ಹರಿಯುವ ತಂತಿಯ ಕುಣಿಕೆಯಿಂದ ತೆಗೆದರೆ ಲೀಪ್, ಚಾಕುವಿನಿಂದ ಶಂಕುವಿನಾಕಾರಕ್ಕೆ ತೆಗೆದರೆ ಕೋಲ್ಡ್ ನೈಫ್ ಕೋನ್.

ಬಸಿರಿನ ದೃಷ್ಟಿಯಿಂದ ನೋಡಿದರೆ ಸುಡುವುದೇ ಮೇಲು. ಅವಧಿಪೂರ್ವ ಹೆರಿಗೆಯ ಏರಿಕೆ ಅದರಲ್ಲಿ ಎಲ್ಲಕ್ಕಿಂತ ಕಡಿಮೆ. ಕಾಯಿಲೆ ಮರಳಿ ಬಾರದಿರುವ ದೃಷ್ಟಿಯಿಂದ ನೋಡಿದರೆ ಕತ್ತರಿಸುವುದು ಮೇಲು. 2022ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಎಲ್ಲ ವಿಧಾನಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹೋಲಿಸಿದ ಅಧ್ಯಯನ ಬಂತು. ಕಾಯಿಲೆ ಉಳಿಯದಂತೆ ಮಾಡುವುದರಲ್ಲಿ ಕೋಲ್ಡ್ ನೈಫ್ ಮತ್ತು ಲೇಸರ್ ಕೋನ್ (ಲೇಸರ್‌ನಿಂದ ಶಂಕುವಿನಾಕಾರಕ್ಕೆ ಕತ್ತರಿಸುವುದು) ಮುಂದೆ, ಲೀಪ್ ನಡುವೆ, ಕ್ರಯೋ ಮತ್ತು ಲೇಸರ್ ಸುಡುವಿಕೆ ಹಿಂದೆ. ಅವಧಿಪೂರ್ವ ಹೆರಿಗೆಯ ಅಪಾಯವನ್ನು ಸಾಲಾಗಿ ಬರೆದರೆ ಇದೇ ಪಟ್ಟಿ ತಲೆಕೆಳಗಾಗುತ್ತದೆ. ಎರಡನ್ನೂ ಪೂರ್ತಿ ಗೆಲ್ಲುವ ವಿಧಾನ ಇಲ್ಲ.

ಹಾಗಾದರೆ ಎಲ್ಲ ಎಳೆಯ ವಯಸ್ಸಿನವರೂ ಸುಡಿಸಿಕೊಳ್ಳಬಹುದಲ್ಲ ಎನ್ನಬಹುದು. ಸುಟ್ಟ ಮೇಲೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ ಎಂಬುದೇ ಅದರ ದೊಡ್ಡ ಕೊರತೆ. ಒಳಗೆ ಪುಟ್ಟ ಕ್ಯಾನ್ಸರ್ ಅಡಗಿದ್ದರೆ ಗೊತ್ತಾಗದೇ ಹೋಗುತ್ತದೆ. ಆದ್ದರಿಂದ ಷರತ್ತುಗಳು ಬಿಗಿ: ಕಾಯಿಲೆ ಪೂರ್ತಿ ಕಣ್ಣಿಗೆ ಕಾಣಬೇಕು, ಗರ್ಭಕಂಠದ ಕಾಲುವೆಯೊಳಗೆ ಹೋಗಿರಬಾರದು, ಸುಡುವ ಸಾಧನದ ತುದಿ ಅದನ್ನು ಪೂರ್ತಿ ಮುಚ್ಚಬೇಕು, ಕ್ಯಾನ್ಸರಿನ ಸಣ್ಣ ಅನುಮಾನವೂ ಇರಬಾರದು. ಗ್ರಂಥಿಗಳ ಕಡೆಯಿಂದ ಹುಟ್ಟುವ, ಎಐಎಸ್ ಎಂದು ಕರೆಯುವ ಬದಲಾವಣೆ ಇದ್ದರೆ ಸುಡಲೇಬಾರದು. ಅದು ಕಾಲುವೆಯಲ್ಲಿ ನಡುನಡುವೆ ಜಾಗ ಬಿಟ್ಟು ಹರಡಿರಬಹುದು, ಅದಕ್ಕೆ ಕತ್ತರಿಸಿ ನೋಡುವುದೇ ಸರಿ. ಮೊದಲು ಒಮ್ಮೆ ಚಿಕಿತ್ಸೆಯಾಗಿ ಮರಳಿ ಬಂದಿದ್ದರೂ ಕತ್ತರಿಸುವುದನ್ನೇ ಆರಿಸುತ್ತಾರೆ.

ಈ ಷರತ್ತುಗಳೆಲ್ಲ ಕೂಡಿ ಬಂದ, ಬಯಾಪ್ಸಿಯಲ್ಲಿ ಸಿಐಎನ್ 2 ಅಥವಾ 3 ಖಚಿತವಾದ, ಮಗು ಬೇಕೆನ್ನುವ ಮಹಿಳೆಗೆ ಥರ್ಮಲ್ ಅಬ್ಲೇಶನ್ ಒಳ್ಳೆಯ ಆಯ್ಕೆ. ‘ಅದೆಲ್ಲ ಹಳೆಯದು, ಲೀಪೇ ಮಾಡಿಬಿಡೋಣ’ ಎಂಬ ಉತ್ತರ ಬಂದರೆ ಕಾರಣ ಕೇಳಿ. ಕಾರಣ ಇರಬಹುದು. ಆದರೆ ಅದನ್ನು ನಿಮಗೆ ಬಿಡಿಸಿ ಹೇಳಬೇಕು.

ಕತ್ತರಿಸುವುದಾದರೆ ಎಷ್ಟು ಮಿಲಿಮೀಟರ್?

ಲೀಪೋ ಕೋಲ್ಡ್ ನೈಫೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇದು. 2016ರ ವಿಶ್ಲೇಷಣೆಯ ಬಹುಮುಖ್ಯ ಭಾಗವೂ ಇದೇ. ತೆಗೆದ ತುಂಡಿನ ಆಳ 10–12 ಮಿ.ಮೀ.ಗಿಂತ ಕಡಿಮೆ ಇದ್ದರೆ ಅವಧಿಪೂರ್ವ ಹೆರಿಗೆಯ ಅಪಾಯ ಒಂದೂವರೆ ಪಟ್ಟು, ಅದಕ್ಕಿಂತ ಹೆಚ್ಚಿದ್ದರೆ ಸುಮಾರು ಎರಡು ಪಟ್ಟು, 15–17 ಮಿ.ಮೀ. ದಾಟಿದರೆ 2.8 ಪಟ್ಟು, 20 ಮಿ.ಮೀ. ದಾಟಿದರೆ ಹತ್ತಿರಹತ್ತಿರ ಐದು ಪಟ್ಟು. ಅರ್ಧ ಬೆರಳಿನ ಅಗಲದ ವ್ಯತ್ಯಾಸಕ್ಕೆ ಅಪಾಯ ಇಷ್ಟೊಂದು ಬದಲಾಗುವುದನ್ನು ಮೊದಲ ಸಲ ಓದಿದವರಿಗೆ ನಂಬುವುದೇ ಕಷ್ಟ.

ಯಾಕೆ ಹೀಗೆ? ಗರ್ಭಕಂಠದ ಒಟ್ಟು ಉದ್ದವೇ ಸುಮಾರು ಮೂರು ನಾಲ್ಕು ಸೆಂಟಿಮೀಟರ್. ಬಸಿರಿನ ಭಾರವನ್ನು ಅಷ್ಟೂ ತಿಂಗಳು ಮುಚ್ಚಿ ಹಿಡಿದಿರುವುದು ಅದೇ. ಅದರ ಗ್ರಂಥಿಗಳು ಸುರಿಸುವ ಲೋಳೆ ಗಟ್ಟಿಯಾಗಿ ಬಿರಡೆಯಾಗುತ್ತದೆ, ಕೆಳಗಿನ ಬ್ಯಾಕ್ಟೀರಿಯಾ ಮೇಲೆ ಹತ್ತದಂತೆ ತಡೆಯುತ್ತದೆ. ಆಳವಾಗಿ ಕತ್ತರಿಸಿದಾಗ ಆಸರೆಯೂ ಹೋಗುತ್ತದೆ, ಲೋಳೆ ಮಾಡುವ ಗ್ರಂಥಿಗಳೂ ಹೋಗುತ್ತವೆ. ಕೆಲವು ತಿಂಗಳಲ್ಲಿ ಗಾಯ ಮಾಗಿ ಗರ್ಭಕಂಠ ಬಹುಮಟ್ಟಿಗೆ ಮತ್ತೆ ಬೆಳೆಯುತ್ತದೆ, ಆದರೆ ಮೊದಲಿನಷ್ಟೇ ಆಗುತ್ತದೆಂದು ಹೇಳಲಾಗದು. ಚಿಕಿತ್ಸೆಯಾದ ಕೂಡಲೇ ಬಸಿರಾಗದೆ ಕೆಲವು ತಿಂಗಳು ತಡೆಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಕೋಲ್ಡ್ ನೈಫ್ ಕೋನ್‌ನಲ್ಲಿ ಅಪಾಯ 2.7 ಪಟ್ಟು, ಲೀಪ್‌ನಲ್ಲಿ 1.56 ಪಟ್ಟು ಎಂದು ಅದೇ ವಿಶ್ಲೇಷಣೆ ಹೇಳುತ್ತದೆ. ಚಾಕು ಸಾಮಾನ್ಯವಾಗಿ ಹೆಚ್ಚು ಆಳಕ್ಕೆ ಹೋಗುತ್ತದೆ ಎಂಬುದು ಇದರ ಒಂದು ಕಾರಣ. ಹಾಗೆಂದು ಕೋಲ್ಡ್ ನೈಫ್ ಕೆಟ್ಟದ್ದೆಂದಲ್ಲ. ಎಐಎಸ್‌ನಲ್ಲಿ, ಕ್ಯಾನ್ಸರ್ ಬೇರೂರಿದೆಯೋ ಎಂಬ ಅನುಮಾನದಲ್ಲಿ, ಅಂಚು ಸುಟ್ಟು ಹಾಳಾಗದ ಒಂದೇ ಇಡೀ ತುಂಡು ಪೆಥಾಲಜಿಸ್ಟ್ ಕೈಗೆ ಸಿಗಬೇಕು. ಅದಕ್ಕೆ ಚಾಕುವೇ ಚೆನ್ನ. ಮಾಮೂಲಿ ಸಿಐಎನ್ 3ಕ್ಕೆ, ಕಾಯಿಲೆ ಹೊರಮೈಯಲ್ಲೇ ಕಾಣುವಾಗ, ಮಗು ಬೇಕೆನ್ನುವವರಿಗೆ ಚಾಕು ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಬ್ರಿಟನ್ನಿನ ಮಾರ್ಗಸೂಚಿ ಆಳಕ್ಕೆ ಮೂರು ಮಟ್ಟ ಹಾಕಿದೆ. ಪರಿವರ್ತನಾ ವಲಯ ಪೂರ್ತಿ ಹೊರಗಿದ್ದರೆ 7ರಿಂದ 10 ಮಿ.ಮೀ., ಸ್ವಲ್ಪ ಒಳಗೆ ಹೋಗಿದ್ದು ಕಾಣುತ್ತಿದ್ದರೆ 10ರಿಂದ 15, ಮೇಲಿನ ಅಂಚೇ ಕಾಣದಿದ್ದರೆ 15ರಿಂದ 25. ಇಲ್ಲಿ ಎರಡೂ ಕಡೆ ತಪ್ಪಬಹುದು. ಹೆರಿಗೆಗೆ ಹೆದರಿ ಐದೇ ಮಿ.ಮೀ. ತೆಗೆದರೆ ಕಾಯಿಲೆ ಉಳಿಯುತ್ತದೆ, ಎರಡನೇ ಸಲ ಕತ್ತರಿಸಬೇಕಾಗುತ್ತದೆ. ಎರಡು ಸಲ ಕತ್ತರಿಸಿಕೊಂಡವರಲ್ಲಿ ಅವಧಿಪೂರ್ವ ಹೆರಿಗೆ ಶೇ 13ಕ್ಕೆ ಏರಿತ್ತು, ಅಂದರೆ ಅದೇ ಹೋಲಿಕೆಯಲ್ಲಿ ಚಿಕಿತ್ಸೆಯೇ ಆಗದವರ (ಶೇ 4.1) ಮೂರುಪಟ್ಟಿಗೂ ಹೆಚ್ಚು. ಕಾಲ್ಪೊಸ್ಕೋಪ್‌ನಲ್ಲಿ ನೋಡುತ್ತಾ, ಕಾಯಿಲೆಯ ಅಳತೆಗೆ ತಕ್ಕ ಕುಣಿಕೆ ಆರಿಸಿ, ಒಂದೇ ಸಲಕ್ಕೆ ಸರಿಯಾಗಿ ತೆಗೆಯುವ ಕೈ ಬೇಕು. ವಿಧಾನದ ಹೆಸರಿಗಿಂತ ಮಾಡುವವರ ಅನುಭವ ನೋಡಿ ಆರಿಸಿ ಎಂದು ಹೇಳುವುದು ಇದಕ್ಕೇ. ಇನ್ನು, ಬಯಾಪ್ಸಿ ಇಲ್ಲದೆ, ಮೊದಲ ಭೇಟಿಯಲ್ಲೇ ‘ನೋಡಿ ತೆಗೆದುಬಿಡೋಣ’ ಎನ್ನುವುದನ್ನು ಎಳೆಯ ವಯಸ್ಸಿನವರು ಒಪ್ಪುವ ಮುನ್ನ ನಿಂತು ಯೋಚಿಸಬೇಕು. ತೆಗೆದ ಮೇಲೆ ಅದು ಸಿಐಎನ್ 1 ಎಂದು ಬಂದರೆ ಹೋದದ್ದು ಮತ್ತೆ ಬರುವುದಿಲ್ಲ.

ಅಂಚು ಪಾಸಿಟಿವ್ ಎಂದು ಬಂದರೆ

ಕತ್ತರಿಸಿದ ತುಂಡಿನ ಅಂಚಿನಲ್ಲಿ ಇನ್ನೂ ಕಾಯಿಲೆ ಕಂಡಿದೆ ಎಂಬ ವರದಿ ಅಪರೂಪವೇನಲ್ಲ. 2017ರ ಒಂದು ವಿಶ್ಲೇಷಣೆಯಲ್ಲಿ ಸುಮಾರು ಶೇ 23 ಮಂದಿಗೆ ಹೀಗೆ ಬಂದಿತ್ತು. ಆದರೆ ಕಾಯಿಲೆ ನಿಜವಾಗಿ ಉಳಿದದ್ದು ಅಥವಾ ಮರಳಿದ್ದು ಒಟ್ಟಾರೆ ಶೇ 6.6 ಮಂದಿಯಲ್ಲಿ ಮಾತ್ರ. ಯಾರಲ್ಲಿ ಉಳಿಯುತ್ತದೆ ಎಂದು ಹೇಳುವುದರಲ್ಲಿ ಅಂಚಿಗಿಂತ ಎಚ್‌ಪಿವಿ ಪರೀಕ್ಷೆ ಚೆನ್ನಾಗಿ ಕೆಲಸ ಮಾಡಿತು: ಉಳಿದದ್ದರಲ್ಲಿ ಶೇ 91ನ್ನು ಎಚ್‌ಪಿವಿ ಪರೀಕ್ಷೆ ಹಿಡಿಯಿತು, ಅಂಚಿನ ವರದಿ ಹಿಡಿದದ್ದು ಶೇ 56. ಆದ್ದರಿಂದ ಸಿಐಎನ್‌ನಲ್ಲಿ ಅಂಚು ಪಾಸಿಟಿವ್ ಬಂದ ತಕ್ಷಣ ಮತ್ತೆ ಕತ್ತರಿಸುವುದಕ್ಕಿಂತ, ಆರು ತಿಂಗಳ ನಂತರ ಎಚ್‌ಪಿವಿ ಪರೀಕ್ಷೆ ಮಾಡಿ ನಿರ್ಧರಿಸುವುದು ಮಗು ಬೇಕೆನ್ನುವವರಿಗೆ ಹಿತ. ಎಐಎಸ್ ಅಥವಾ ಕ್ಯಾನ್ಸರ್ ಇದ್ದಾಗ ಈ ಮಾತು ನಡೆಯುವುದಿಲ್ಲ, ಅಲ್ಲಿ ಅಂಚು ಶುದ್ಧವಾಗಿರಲೇಬೇಕು.

ಈಗಾಗಲೇ ಬಸಿರಾಗಿದ್ದರೆ

ಬಸಿರಿನಲ್ಲಿ ಸಿಐಎನ್ 2 ಅಥವಾ 3 ಸಿಕ್ಕರೆ ಆಯ್ಕೆ ಸುಲಭ: ಹೆರಿಗೆಯವರೆಗೆ ಕಾಯಿರಿ. ಸಿಐಎನ್ 3ರಿಂದ ಕ್ಯಾನ್ಸರ್‌ಗೆ ಹೋಗಲು ವರ್ಷಗಳು ಬೇಕು. ಈ ಕೆಲವು ತಿಂಗಳಲ್ಲಿ ಹಾಗಾಗುವುದು ಬಹಳ ಅಪರೂಪ, ಎಷ್ಟೋ ಮಂದಿಯಲ್ಲಿ ಹೆರಿಗೆಯಾದ ಮೇಲೆ ಅದು ಹಿಂದೆ ಸರಿದಿರುತ್ತದೆ. ಮೂರು ತಿಂಗಳಿಗೊಮ್ಮೆ ಕಾಲ್ಪೊಸ್ಕೋಪಿ, ಅನುಮಾನ ಬಂದರೆ ಮಾತ್ರ ಬಯಾಪ್ಸಿ. ಕಾಲುವೆಯ ಒಳಗೆ ಕೆರೆದು ತೆಗೆಯುವ ಪರೀಕ್ಷೆಯನ್ನು ಬಸಿರಿನಲ್ಲಿ ಮಾಡಬಾರದು. ಸಿಐಎನ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗಿಲ್ಲ.

ಬಂದದ್ದು ಕ್ಯಾನ್ಸರ್ ಆಗಿದ್ದರೆ ಮಾತು ಬೇರೆ. ಆಗ ತೂಗಬೇಕಾದದ್ದು ಗೆಡ್ಡೆಯ ಗಾತ್ರ, ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹರಡಿದೆಯೋ ಇಲ್ಲವೋ, ಎಷ್ಟನೇ ವಾರ, ಮತ್ತು ಆಕೆಗೆ ಈ ಬಸಿರು ಬೇಕೋ ಎಂಬ ಪ್ರಶ್ನೆ. ಕೊನೆಯದಕ್ಕೆ ಉತ್ತರ ಆಕೆಯದೇ. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವಂಥದ್ದಾದರೆ ಎರಡನೇ ಮೂರು ತಿಂಗಳಲ್ಲಿ ಚಪ್ಪಟೆಯಾದ ಚಿಕ್ಕ ಕೋನ್ ಮಾಡಬಹುದು. ಕಣ್ಣಿಗೆ ಕಾಣುವ, 2 ಸೆಂ.ಮೀ.ಗಿಂತ ಚಿಕ್ಕ ಗೆಡ್ಡೆ 22 ವಾರದೊಳಗೆ ಸಿಕ್ಕರೆ ಮೊದಲು ದುಗ್ಧಗ್ರಂಥಿ ತೆಗೆದು ನೋಡುವುದುಂಟು. ಅವು ಶುದ್ಧವಾಗಿದ್ದರೆ ನಿಗಾದಲ್ಲಿ ಕಾಯುವುದು ಅಥವಾ ಕೀಮೋ. ಗ್ರಂಥಿಗೆ ಹರಡಿದ್ದು ಇನ್ನೂ ಆರಂಭದ ತಿಂಗಳುಗಳಾದರೆ ಬಸಿರು ಮುಂದುವರಿಸುವುದು ತಾಯಿಯ ಜೀವಕ್ಕೆ ಕುತ್ತು ಎಂದೇ ತಜ್ಞರು ಹೇಳುತ್ತಾರೆ. ಕಿಬ್ಬೊಟ್ಟೆಗೆ ರೇಡಿಯೇಶನ್ ಕೊಟ್ಟರೆ ಮಗು ಉಳಿಯುವುದಿಲ್ಲ.

ಬಸಿರಿನಲ್ಲಿ ಕೀಮೋ ಎಂದರೆ ಕೇಳಿದವರು ಬೆಚ್ಚುತ್ತಾರೆ. ಮೊದಲ ಮೂರು ತಿಂಗಳಲ್ಲಿ, ಮಗುವಿನ ಅಂಗಾಂಗಗಳು ರೂಪುಗೊಳ್ಳುವಾಗ, ಕೊಡಬಾರದು ನಿಜ. ಆ ನಂತರದ ಕಥೆಯನ್ನು ಬೆಲ್ಜಿಯಂನ ಲ್ಯೂವೆನ್‌ನಿಂದ ಬೆಳೆದ ಐಎನ್‌ಸಿಐಪಿ ಎಂಬ ಅಂತರರಾಷ್ಟ್ರೀಯ ತಂಡ ಹಲವು ವರ್ಷ ಬೆನ್ನಟ್ಟಿದೆ. ಫ್ರೆಡೆರಿಕ್ ಅಮಾಂಟ್ ಮತ್ತು ಸಂಗಡಿಗರು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ, ತಾಯಿಗೆ ಕ್ಯಾನ್ಸರ್ ಇದ್ದಾಗ ಹೊಟ್ಟೆಯಲ್ಲಿದ್ದ 129 ಮಕ್ಕಳನ್ನು ಬೇರೆ ಮಕ್ಕಳ ಜೊತೆ ಹೋಲಿಸಿದರು. ಅವರಲ್ಲಿ ಬಹಳಷ್ಟು ಮಕ್ಕಳ ತಾಯಂದಿರು ಬಸಿರಿನಲ್ಲೇ ಕೀಮೋ ಪಡೆದಿದ್ದರು. ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಮಾಡಿದ್ದು ಬೇಗ ಹುಟ್ಟಿದ್ದು: ಹೊಟ್ಟೆಯಲ್ಲಿ ಕಳೆದ ಪ್ರತಿ ಹೆಚ್ಚುವರಿ ವಾರಕ್ಕೆ ಅಂಕ ಸರಾಸರಿ 2.9ರಷ್ಟು ಏರಿತ್ತು. ಕೀಮೋಗೆ ಹೆದರಿ ಮಗುವನ್ನು ಬೇಗ ಹೊರತೆಗೆಯುವುದಕ್ಕಿಂತ, ಕೀಮೋ ಕೊಟ್ಟು ದಿನ ತುಂಬಿಸುವುದು ಮಗುವಿಗೆ ಒಳ್ಳೆಯದಾಗಬಹುದು ಎಂಬುದು ನನಗೆ ಈ ಕ್ಷೇತ್ರದ ಅತಿ ಮುಖ್ಯ ಅರಿವುಗಳಲ್ಲೊಂದು. ಪೂರ್ತಿ ನಿರಪಾಯ ಎಂದೇನೂ ಅಲ್ಲ. 2018ರಲ್ಲಿ ಇದೇ ತಂಡ 1,170 ಮಂದಿಯ ದಾಖಲೆ ನೋಡಿದಾಗ, ಗರ್ಭಕಂಠದ ಕ್ಯಾನ್ಸರ್‌ಗೆ ಕೊಡುವ ಪ್ಲಾಟಿನಂ ಔಷಧಿಗಳಿಗೂ ವಾರಕ್ಕೆ ತಕ್ಕ ಬೆಳವಣಿಗೆಯಿಲ್ಲದ ಮಗುವಿಗೂ ನಂಟು ಕಂಡಿತು. ಕೊನೆಯ ಕೀಮೋಗೂ ಹೆರಿಗೆಗೂ ನಡುವೆ ಸುಮಾರು ಮೂರು ವಾರ ಬಿಡುತ್ತಾರೆ, ಅಷ್ಟರಲ್ಲಿ ತಾಯಿ ಮಗು ಇಬ್ಬರ ರಕ್ತಕಣಗಳೂ ಚೇತರಿಸಿಕೊಳ್ಳಲೆಂದು. ಗೆಡ್ಡೆ ಉಳಿದಿದ್ದರೆ ಹೆರಿಗೆ ಸಿಸೇರಿಯನ್ ಮೂಲಕವೇ ಆಗಬೇಕು.

ಬಸಿರಿಲ್ಲ, ಆದರೆ ಆರಂಭದ ಕ್ಯಾನ್ಸರ್

ಕ್ಯಾನ್ಸರ್ ಎಂದ ಕೂಡಲೇ ಗರ್ಭಕೋಶ ತೆಗೆಯಬೇಕು ಎಂಬ ಕಾಲ ಹೋಗಿದೆ. ಬೇರು 3 ಮಿ.ಮೀ. ಮೀರದೆ, ರಕ್ತನಾಳ ದುಗ್ಧನಾಳಗಳೊಳಗೆ ಕ್ಯಾನ್ಸರ್ ಕೋಶ ಕಾಣದೆ, ಅಂಚು ಶುದ್ಧವಾಗಿದ್ದರೆ ಕೋನ್ ಒಂದೇ ಸಾಕು. ಅದಕ್ಕಿಂತ ಮುಂದೆ ಹೋಗಿ 2 ಸೆಂ.ಮೀ.ವರೆಗಿನ ಗೆಡ್ಡೆಗೆ ಎರಡು ದಾರಿಗಳಿವೆ.

ಹಳೆಯದು ರ‍್ಯಾಡಿಕಲ್ ಟ್ರ್ಯಾಕಲೆಕ್ಟಮಿ. ಫ್ರಾನ್ಸಿನ ಲಿಯಾನ್‌ನ ಡೇನಿಯಲ್ ದಾರ್ಜಾಂ 1987ರಲ್ಲಿ ಶುರು ಮಾಡಿದ ಈ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕಂಠ, ಅದರ ಸುತ್ತಲಿನ ಅಂಗಾಂಶ, ಯೋನಿಯ ಮೇಲಿನ ಸ್ವಲ್ಪ ಭಾಗ ತೆಗೆದು ಗರ್ಭಕೋಶವನ್ನು ಉಳಿಸುತ್ತಾರೆ. ಬಸಿರು ಸಾಧ್ಯ. ಆದರೆ ಅವಧಿಪೂರ್ವ ಹೆರಿಗೆ ಸಾಮಾನ್ಯವಾಗಿಬಿಡುತ್ತದೆ, ಕಾಯಂ ಹೊಲಿಗೆ ಹಾಕಿರುತ್ತಾರೆ, ಹೆರಿಗೆ ಸಿಸೇರಿಯನ್‌ನಿಂದಲೇ.

ಹೊಸ ದಾರಿ, ಕೋನ್ ಅಥವಾ ಗರ್ಭಕಂಠವನ್ನಷ್ಟೇ ತೆಗೆಯುವ ಸರಳ ಟ್ರ್ಯಾಕಲೆಕ್ಟಮಿ ಮಾಡಿ ದುಗ್ಧಗ್ರಂಥಿಗಳನ್ನು ಪರೀಕ್ಷಿಸುವುದು. 2021ರ ಕಾನ್‌ಸರ್ವ್ ಅಧ್ಯಯನದಲ್ಲಿ ಗೆಡ್ಡೆ 2 ಸೆಂ.ಮೀ. ಒಳಗಿರುವ, ನಾಳಗಳೊಳಗೆ ಹೋಗದ, 10 ಮಿ.ಮೀ.ಗಿಂತ ಆಳವಿಲ್ಲದ 100 ಮಂದಿಗೆ ಹಗುರ ಶಸ್ತ್ರಚಿಕಿತ್ಸೆ (ಕೆಲವರಿಗೆ ಕೋನ್ ಮಾತ್ರ, ಉಳಿದವರಿಗೆ ಸರಳ ವಿಧಾನದಲ್ಲಿ ಗರ್ಭಕೋಶ ತೆಗೆಯುವುದು) ಮಾಡಿದಾಗ ಎರಡು ವರ್ಷದಲ್ಲಿ ಕಾಯಿಲೆ ಮರಳಿದ್ದು ಶೇ 3.5ರಲ್ಲಿ. 2024ರಲ್ಲಿ ಪ್ರಕಟವಾದ ಶೇಪ್ ಅಧ್ಯಯನ ಗರ್ಭಕೋಶ ತೆಗೆಯುವವರ ಮೇಲೆ ನಡೆದದ್ದು. 700 ಮಂದಿಯಲ್ಲಿ ಸರಳ ವಿಧಾನ ಶೇ 2.52, ರ‍್ಯಾಡಿಕಲ್ ವಿಧಾನ ಶೇ 2.17 ಎಂದು ಮೂರು ವರ್ಷದ ಮರುಕಳಿಕೆ ಹೆಚ್ಚುಕಡಿಮೆ ಒಂದೇ ಬಂತು. ಚಿಕ್ಕ ಗೆಡ್ಡೆಗೆ ಸುತ್ತಲಿನ ಅಂಗಾಂಶವನ್ನೆಲ್ಲ ಬಾಚಿ ತೆಗೆಯಬೇಕಿಲ್ಲ ಎಂಬ ವಾದಕ್ಕೆ ಇದು ಬಲ ಕೊಟ್ಟಿತು, ಆದರೆ ಬಸಿರಿನ ಬಗ್ಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಷರತ್ತುಗಳಿಗೆ ಹೊಂದುವವರು ಹಗುರ ದಾರಿಯನ್ನು ವೈದ್ಯರ ಮುಂದೆ ಇಟ್ಟು ಕೇಳುವುದು ನ್ಯಾಯ. ಗೆಡ್ಡೆ 2 ಸೆಂ.ಮೀ. ದಾಟಿದ್ದರೆ ಇಂಥ ಉಳಿಸುವ ದಾರಿಗಳ ಭರವಸೆ ಕಡಿಮೆಯಾಗುತ್ತಾ ಹೋಗುತ್ತದೆ. ರೇಡಿಯೇಶನ್ ಬೇಕಾದರೆ ಅಂಡಾಶಯ ಗರ್ಭಕೋಶ ಎರಡೂ ಕೆಲಸ ನಿಲ್ಲಿಸುತ್ತವೆ, ಆದ್ದರಿಂದ ಅಂಡಾಣು ಅಥವಾ ಭ್ರೂಣ ಶೇಖರಿಸಿಡುವ ಮಾತು ಚಿಕಿತ್ಸೆಗೆ ಮೊದಲೇ ಆಗಬೇಕು.

ಚಿಕಿತ್ಸೆಯಾದ ಮೇಲಿನ ಬಸಿರು

ಪೆಥಾಲಜಿ ವರದಿಯ ಪ್ರತಿಯನ್ನು ಜೋಪಾನವಾಗಿಡಿ. ತುಂಡಿನ ಆಳ ಅದರಲ್ಲಿ ಇರುತ್ತದೆ. ಬಸಿರಾದಾಗ ಹೆರಿಗೆ ನೋಡಿಕೊಳ್ಳುವ ವೈದ್ಯರಿಗೆ ತೋರಿಸಬೇಕಾದದ್ದು ಅದೇ. ‘ಯಾವಾಗಲೋ ಲೀಪ್ ಆಗಿತ್ತು’ ಎಂಬ ಮಾತಿಗೂ ‘18 ಮಿ.ಮೀ. ತೆಗೆದಿದ್ದಾರೆ’ ಎಂಬ ಮಾತಿಗೂ ಅವರ ಮುಂದಿನ ಹೆಜ್ಜೆ ಬೇರೆಯಾಗುತ್ತದೆ.

ಆಳವಾಗಿ ಅಥವಾ ಎರಡು ಸಲ ಕತ್ತರಿಸಿಕೊಂಡವರಲ್ಲಿ 16ರಿಂದ 24 ವಾರದ ನಡುವೆ ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಗರ್ಭಕಂಠದ ಉದ್ದ ಅಳೆಯುತ್ತಾರೆ. 25 ಮಿ.ಮೀ.ಗಿಂತ ಕಡಿಮೆಯಾದರೆ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಹಾರ್ಮೋನು ಅಥವಾ ಗರ್ಭಕಂಠಕ್ಕೆ ಹೊಲಿಗೆ ಎಂಬ ಆಯ್ಕೆ ಬರುತ್ತದೆ. ಮೊದಲೊಮ್ಮೆ ಬೇಗ ಹೆರಿಗೆಯಾಗಿಲ್ಲದವರಿಗೆ ಪ್ರೊಜೆಸ್ಟರಾನ್‌ನಿಂದ ಶುರು ಮಾಡುವುದು ರೂಢಿ. ಹಿಂದೆ ಬೇಗ ಹೆರಿಗೆಯಾಗಿ ಈಗಲೂ ಕುಗ್ಗುತ್ತಿದ್ದರೆ ಹೊಲಿಗೆಯ ಕಡೆ ವಾಲುತ್ತಾರೆ. ಉದ್ದ ಸರಿಯಾಗಿದ್ದವರಿಗೆ ಹಿಂದೆ ಲೀಪ್ ಆಗಿತ್ತು ಎಂಬ ಕಾರಣಕ್ಕೇ ಹೊಲಿಗೆ ಹಾಕುವುದು ಬೇಡ.

ಕೆಳಗಿನಿಂದ ಹಾಕಿದ ಹೊಲಿಗೆ ಒಮ್ಮೆ ವಿಫಲವಾಗಿ ಮಗುವನ್ನು ಕಳೆದುಕೊಂಡವರಿಗೆ, ಕತ್ತರಿಸಿ ಕತ್ತರಿಸಿ ಹೊಲಿಯಲು ಗರ್ಭಕಂಠವೇ ಉಳಿಯದವರಿಗೆ, ಹೊಟ್ಟೆಯ ಮೂಲಕ ಎತ್ತರದಲ್ಲಿ ಹಾಕುವ ಹೊಲಿಗೆ ಇದೆ. 2020ರ ಮ್ಯಾವ್ರಿಕ್ ಅಧ್ಯಯನದಲ್ಲಿ, ಹಿಂದೆ ಹೊಲಿಗೆ ವಿಫಲವಾಗಿದ್ದವರಿಗೆ ಹೊಟ್ಟೆಯ ಮೂಲಕ ಹಾಕಿದಾಗ 32 ವಾರಕ್ಕೆ ಮೊದಲಿನ ಹೆರಿಗೆ ಶೇ 8, ಮಾಮೂಲಿ ಯೋನಿಯ ಹೊಲಿಗೆಯಲ್ಲಿ ಶೇ 33. ಇದನ್ನು ಬಸಿರಾಗುವ ಮೊದಲೇ ಹಾಕಿಸಿಕೊಳ್ಳಬಹುದು. ಹಾಕಿಸಿಕೊಂಡರೆ ಸಿಸೇರಿಯನ್ ಖಚಿತ, ಹೊಲಿಗೆಯನ್ನು ಮುಂದಿನ ಬಸಿರಿಗೂ ಹಾಗೇ ಬಿಡಬಹುದು.